ವಿಷ್ಣುತೀರ್ಥರ ತಯಾರಿ ಶಿಬಿರ

ಚೆನ್ನೈನ ಗಿಂಡಿಯ ವಿಮಾ ಕಚೇರಿಯ ವಿಷ್ಣುತೀರ್ಥರು ಬಳ್ಳಾರಿ ಕಡೆಯವರು. ಜನ್ಮದಲ್ಲಿ ಒಮ್ಮೆಯೂ ಫುಟ್‌ಬಾಲ್ ಒದ್ದವರಲ್ಲ. ಆದರೆ ಟೀವಿಯಲ್ಲಿ ಭಾರತ ಸೌಹಾರ್ದ ಪಂದ್ಯ ಸೋತಾಗಲೆಲ್ಲ ಸೋಫಾದಿಂದೆದ್ದು ಕೂಗುತ್ತಿದ್ದರು: "ಪಂದ್ಯದ ಹಿಂದಿನ ದಿನ ಒಟ್ಟು ಸೇರಿದರ ಹೆಂಗ ಆಡ್ತಾರ? ಒಬ್ಬನ ಹೆಸರು ಒಬ್ಬಗ ಗೊತ್ತಿರಂಗಿಲ್ಲ! ತಯಾರಿ ಬೇಕು, ತಯಾರಿ!"

ಹೆಂಡತಿ ನೀರಜಾ ಟೀವಿ ಸದ್ದು ಹೆಚ್ಚಿಸುತ್ತಿದ್ದರು.

ಈ ವರ್ಷ ಅವರು ವಾಸವಿದ್ದ ಪಲ್ಲಾವರಂನ ಕನ್ನಡಿಗರಿಗೂ ಕಾರ್ಖಾನೆಯೊಂದರ ಕೊರಿಯನ್ ಎಂಜಿನಿಯರುಗಳಿಗೂ ಪಂದ್ಯ ನಿಗದಿಯಾಯಿತು. ಅಂತರರಾಷ್ಟ್ರೀಯ ಪಂದ್ಯ ಅಂದಮೇಲೆ ಕೇಳಬೇಕೆ? ವಿಷ್ಣುತೀರ್ಥರು ತಾವಾಗಿಯೇ ಕೋಚ್ ಆಗಿ, ತಿಂಗಳು ಮೊದಲೇ ಮನೆಯಲ್ಲಿ ಶಿಬಿರ ಹೂಡಿದರು.

"ಮೊದಲು ಒಬ್ಬರನ್ನೊಬ್ಬರು ಅರ್ಥ ಮಾಡ್ಕೋರಿ. ಚೆಂಡು ಎಲ್ಲಿ ಓಡಿಹೋಗ್ತದ?" ಎಂದರು.

ಆಟಗಾರರು ದಿನಾ ಸಂಜೆ ಬಂದರು, ನೀರಜಾ ಮಾಡಿದ ಒಗ್ಗರಣೆ ಮಂಡಕ್ಕಿ ತಿಂದರು, ಮಂಡಿನೋವು ಹೇಳಿಕೊಂಡರು. ಮುಖಪರಿಚಯವೂ ಇಲ್ಲದಿದ್ದ ಬ್ಯಾಂಕಿನ ರವಿಕಿರಣ್, ರೈಲ್ವೆಯ ಸುಘೋಷ ಒಂದೇ ಬಣ್ಣದ ಅಂಗಿ ಹೊಲಿಸುವಷ್ಟು ಹತ್ತಿರವಾದರು.

ಪಂದ್ಯದ ದಿನ ಎದುರಾಳಿಗಳಲ್ಲಿ ಅರ್ಧ ಮಂದಿ ವಿಮಾನ ನಿಲ್ದಾಣದಿಂದ ನೇರ ಬಂದವರು. ಮೈದಾನದಲ್ಲೇ ತಲೆಬಾಗಿ ಪರಸ್ಪರ ಹೆಸರು ಕೇಳುತ್ತಿದ್ದರು. "ಪಾಪ, ತಯಾರಿ ಇಲ್ಲ," ಎಂದು ವಿಷ್ಣುತೀರ್ಥರು ಲೊಚಗುಟ್ಟಿದರು.

ಆಟ ಶುರುವಾಯಿತು. ಚೆಂಡು ಹೇಗೋ ರವಿಕಿರಣ್ ಕಾಲಿಗೆ ಸಿಕ್ಕಿತು. ಎದುರಿಗೆ ಗೋಲು, ಗೋಲ್‌ಕೀಪರೂ ದೂರ. ರವಿಕಿರಣ್ ನಿಂತುಬಿಟ್ಟ.

"ಸುಘೋಷ, ನೀವೇ ಹೊಡೀರಿ. ನಿಮ್ಮ ತಾಯಿ ನೋಡೋಕೆ ಬಂದಿದ್ದಾರೆ."

"ಛೆ, ನೀವೇ ಹೊಡೀರಿ. ಮೊನ್ನೆ ತಾನೇ ಪ್ರಮೋಷನ್ ತಪ್ಪಿ ಬೇಜಾರಲ್ಲಿದ್ದೀರಿ."

"ಅಡೇಂಗಪ್ಪಾ!" ಎಂದು ವಿಷ್ಣುತೀರ್ಥರ ಮಗಳು ಕೃತಿ ತಮಿಳಿನಲ್ಲಿ ಕಿರುಚಿದಳು. ಅಷ್ಟರಲ್ಲಿ ಎದುರಾಳಿಯೊಬ್ಬ ಚೆಂಡನ್ನು ಸಂಕೋಚವಿಲ್ಲದೆ ಒಯ್ದು, ಆಚೆ ತುದಿಯಲ್ಲಿ ಗೋಲು ಹೊಡೆದ. ಆಮೇಲೂ ಇದೇ ಕಥೆ. ಗೋಲು ಲೆಕ್ಕ ಹಾಕುವವನಿಗೇ ಬೇಸರ ಬಂತು.

ವಿಷ್ಣುತೀರ್ಥರು ಬೆಂಚಿನಲ್ಲಿ ಕುಸಿದರು. "ಒಂದು ತಿಂಗಳು ಸಾಲಲಿಲ್ಲ ಕಾಣ್ತದ."

"ಜಾಸ್ತಿ ಆತು," ಎಂದರು ನೀರಜಾ. "ಗೆಲ್ಲಬೇಕಂದ್ರ ಅವರನ್ನೂ ಶಿಬಿರಕ್ಕ ಕರೀರಿ."

ವಿಷ್ಣುತೀರ್ಥರಿಗೆ ಅದು ತಮಾಷೆ ಅನ್ನಿಸಲೇ ಇಲ್ಲ. ಮರುದಿನದಿಂದಲೇ ಕೊರಿಯನ್ನರೂ ಮಂಡಕ್ಕಿಗೆ ಕೂತರು, ಫೋನಿನಲ್ಲಿ ಅನುವಾದ ಮಾಡಿಕೊಂಡು ಮಂಡಿನೋವು ಕೇಳಿದರು, ತಮ್ಮ ಸೊಂಟನೋವನ್ನೂ ಹೇಳಿದರು.

ಮರುಪಂದ್ಯದಲ್ಲಿ ಎರಡೂ ಕಡೆಯವರು "ನೀವು ಹೊಡೀರಿ, ನೀವು ಹೊಡೀರಿ" ಎಂದು ಉಪಚಾರ ಮಾಡುತ್ತಲೇ ಸಮಯ ಮುಗಿಸಿದರು. ಒಂದು ಗೋಲೂ ಇಲ್ಲ. ವಿದೇಶಿ ತಂಡದ ಎದುರು ಸೋಲಿಲ್ಲವೆಂದು ವಿಷ್ಣುತೀರ್ಥರು ಇಡೀ ಗಿಂಡಿ ಕಚೇರಿಗೆ ಮೈಸೂರು ಪಾಕ್ ಹಂಚಿದರು.