ನೊರೀನ್ ತೋಳಿಗಂಟುವ ಹಳದಿ

ಆಸ್ಟ್ರೇಲಿಯಾದ ವೀ ವಾ ಊರಾಚೆಯ ಎರೆಹೊಲದಲ್ಲಿ ಈಗಷ್ಟೇ ಬೆಳಕು ಹರಿದಿದೆ. ಹತ್ತಿ ಹೂ ಅರಳಲು ಇನ್ನೂ ಹೊತ್ತಿದೆ. ನೊರೀನ್ ಟ್ಯಾಪ್ಸೆಲ್‌ಗೆ ಮಾತ್ರ ನಿಂತಲ್ಲಿ ನಿಲ್ಲಲಾಗದು. ಸಾಲಿನ ಈ ತುದಿಗೊಮ್ಮೆ, ಆ ತುದಿಗೊಮ್ಮೆ. ಗಾಡಿಯ ಮೇಲಿಟ್ಟ ಚಹಾ ಆರಿಹೋಗಿದೆ. ಕೆಲಸ ನೋಡಲು ಬಂದ ನಾನು ಕೂತು ಕುಡಿಯಿರಿ ಎಂದರೆ ಕೇಳುವ ಹೆಂಗಸೇ ಅಲ್ಲ.

ಕಳೆನಾಶಕ ಹೊಡೆದರೂ ಬಾಡದ ಹೊಸ ತಳಿ ಇದು. ರೈತರ ಕೈ ಸೇರುವ ಮೊದಲೇ ಆ ಔಷಧಿ ಹೊಡೆದು, ಬೆಳೆಗೆ ಎಲ್ಲಿ ನೋವಾಗುತ್ತದೆಂದು ಹುಡುಕುವುದು ಇಪ್ಪತ್ತಾರು ವರ್ಷದಿಂದ ಈಕೆಯ ಕೆಲಸ. ಪರೀಕ್ಷೆಗೆಂದು ಹೊಲವನ್ನು ತುಂಡು ಮಾಡಿದ ತೊಂಬತ್ತಾರು ತಾಕು ದಿನಕ್ಕೆ, ಹನ್ನೊಂದು ಕಿಲೋಮೀಟರ್ ನಡಿಗೆ.

ಹೋದ ವರ್ಷವೇ ಬೀಜ ಬಿಡುಗಡೆಯಾಗಬೇಕಿತ್ತು. ಎಲೆಯ ಮೇಲೆ ಒಂದು ಕಲೆಯೂ ಇರಲಿಲ್ಲ. ಆದರೆ ಮಳೆ ಬಂದು ಎರೆಮಣ್ಣು ಟ್ರ್ಯಾಕ್ಟರನ್ನು ಒಳಗೆ ಬಿಡದೆ, ಹದಿನಾಲ್ಕನೇ ತಾಕಿಗೆ ಔಷಧಿ ಮೂರು ವಾರ ತಡವಾಯಿತು. ತಡವಾದ ತಾಕನ್ನು ಲೆಕ್ಕದಿಂದ ಬಿಡಬೇಕೆಂಬುದು ನಿಯಮ. ಈಕೆ ಬಿಡಲಿಲ್ಲ.

"ಕೆಸರಲ್ಲಿ ಸಿಕ್ಕಾಕೊಳ್ಳೋದು ನಾನೊಬ್ಳೇನಾ? ರೈತ್ರೂ ತಡ ಮಾಡ್ತಾರೆ" ಎನ್ನುತ್ತಾಳೆ.

ಆ ತಾಕಿನ ಹೂ ಕಿತ್ತು ಕಡುನೀಲಿ ಅಂಗಿಯ ತೋಳಿಗೆ ಒತ್ತಿದರೆ ಹಳದಿ ಪರಾಗ ಅಂಟಲಿಲ್ಲ. ಪರಾಗವಿಲ್ಲದೆ ಕಾಯಿ ಕಟ್ಟೀತೇ? ನಿನ್ನ ಅಂಗಿ ಉಪಕರಣವಲ್ಲ ಎಂದು ಹಿರಿಯ ವಿಜ್ಞಾನಿ ಲಾಕ್ಲನ್ ನಕ್ಕರು. ಈಕೆ ಆ ತಾಕಿನ ನೂರು ಹೂವಿಗೆ ಗುರುತಿನ ದಾರ ಕಟ್ಟಿ ಕಾದಳು. ಅರವತ್ತೆರಡು ಉದುರಿದವು. ಬಿಡುಗಡೆ ನಿಂತಿತು, ಲಾಕ್ಲನ್ ತಳಿಯನ್ನು ಮತ್ತೆ ತಿದ್ದಿದರು. ಬೀಜಕ್ಕೆ ಕಾದಿದ್ದ ಒಡಹುಟ್ಟಿದ ತಮ್ಮ, ರೈತ ಡಾರ್ಸಿಯ ಬಾಯಿಗೂ ಸಿಕ್ಕಿದಳು: "ಊರಿನ ಬೀಜವೆಲ್ಲ ನಿನ್ನ ತೋಳಲ್ಲೇ ಸಿಕ್ಕೊಂಡಿದೆಯಲ್ಲೇ ಅಕ್ಕ!"

ಈ ಸಲ ಬೇಕೆಂದೇ ಇಪ್ಪತ್ತು ತಾಕುಗಳಿಗೆ ತಡವಾಗಿ ಹೊಡೆದಿದ್ದಾಳೆ. ಹತ್ತು ಗಂಟೆಗೆ ಸಭೆ. ಬೀಜ ಹೊರಡಲೋ ಬೇಡವೋ, ಹೇಳಬೇಕಾದವಳು ಈಕೆ. ರಾತ್ರಿ ನಿದ್ದೆ ಬಂದಿಲ್ಲವಂತೆ, ನಂಬುತ್ತೇನೆ.

ಬಿಸಿಲೇರುತ್ತಿದ್ದಂತೆ ಹೂ ಬಾಯಿ ಬಿಡುತ್ತದೆ. ಮೊದಲ ಹೂ ಒತ್ತುತ್ತಾಳೆ. ಹಳದಿ. ನಗುವುದಿಲ್ಲ, ಮುಂದಿನ ತಾಕಿಗೆ ಓಡುತ್ತಾಳೆ. ಇಪ್ಪತ್ತನೆಯದು ಮುಗಿಯುವಾಗ ತೋಳಿಡೀ ಹಳದಿ. ಅಂಗಿ ಕೊಡವದೆ ಸಭೆಗೆಂದು ಗಾಡಿ ಹತ್ತುತ್ತಾಳೆ.

ಬೀಜದ ಚೀಲದ ಮೇಲೆ ನಿಮ್ಮ ಹೆಸರು ಬೇಡವೇ ಎಂದು ಕೇಳುತ್ತೇನೆ.

"ಹೆಸರು ಯಾಕೆ? ಕಾಯಿ ಉದುರ್ತು ಅಂತ ಒಬ್ರೂ ನಂಗೆ ಫೋನ್ ಮಾಡ್ದಿದ್ರೆ ಸಾಕು. ಡಾರ್ಸಿನೂ."