ಅಳಿಲಿನ ಚೀಟಿ, ಅವ್ವನ ಕೈ

ನಿಪ್ಪಾಣಿಯ ನಮ್ಮ ಓಣಿಯಲ್ಲಿ ಬೀಡಿ ಕಟ್ಟದ ಮನೆಯನ್ನು ಹುಡುಕಬೇಕಿತ್ತು. ಅವ್ವ ಮೂವತ್ತಕ್ಕೂ ಹೆಚ್ಚು ವರ್ಷ ಒಂದೇ ಮಾರ್ಕಿನ ಬೀಡಿ ಕಟ್ಟಿದಳು. ಕಟ್ಟಿನ ಸುತ್ತ ಅಂಟಿಸುವ ಹಳದಿ ಚೀಟಿಯ ಮೇಲೆ, ಎರಡೂ ಕೈಯಲ್ಲಿ ಕಾಯಿ ಹಿಡಿದು ಕೂತ ಅಳಿಲಿನ ಚಿತ್ರವಿರುತ್ತಿತ್ತು. ಆ ಚೀಟಿಯನ್ನು ಅವ್ವ ಒಮ್ಮೆಯೂ ಅಂಟಿಸಿದವಳಲ್ಲ. ಅದು ಕಾರ್ಖಾನೆಯಲ್ಲಿ, ಬಾಗಿಲು ಹಾಕಿದ ಕೋಣೆಯಲ್ಲಿ ನಡೆಯುವ ಕೆಲಸ. ಬೀಡಿ ನಮ್ಮ ಮನೆಯಿಂದ ಹೋಗುತ್ತಿತ್ತು. ಅದರ ಗುರುತು ನಮ್ಮ ಮನೆಗೆ ಬರುವಂತಿರಲಿಲ್ಲ. ಇದು ಅನ್ಯಾಯವೆಂದು ನಾನು ಕಾರ್ಮಿಕ ಸಂಘದ ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ. ಹೇಳಿ ಹೇಳಿ ದಣಿದಿದ್ದೇನೆ. ದಣಿದ ಮಾತ್ರಕ್ಕೆ ಅದು ನ್ಯಾಯವಾಗುವುದಿಲ್ಲ.

ಎರಡು ವರ್ಷದ ಹಿಂದೆ ಅವ್ವನ ಕಣ್ಣಿಗೆ ಪೊರೆ ಬಂತು. ಬೀಡಿ ಕಾರ್ಮಿಕರ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆ ಆಗಬೇಕಾದರೆ ಗುರುತಿನ ಕಾರ್ಡ್ ಬೇಕು. ಅವ್ವನ ಬಳಿ ಕಾರ್ಡ್ ಇರಲಿಲ್ಲ. ಮನೆಯಲ್ಲಿದ್ದ ಒಂದೇ ಕಾರ್ಡ್ ಅಜ್ಜಿಯ ಹೆಸರಿನಲ್ಲಿತ್ತು. ನಮ್ಮ ಕಡೆ ಸೊಸೆಯಾಗಿ ಬಂದವಳು ಅತ್ತೆಯ ಕಾರ್ಡಿನ ಮೇಲೆ ಬೀಡಿ ಕೊಡುವುದು ರೂಢಿ. ಯಾರೂ ಅದನ್ನು ಮೋಸವೆಂದು ಎಣಿಸಿರಲಿಲ್ಲ. ಅಜ್ಜಿ ತೀರಿಕೊಂಡ ಮೇಲೂ ಕಾರ್ಖಾನೆ ಹೆಸರು ಬದಲಿಸಲಿಲ್ಲ. ಹೀಗಾಗಿ ಕಾಗದದ ಮೇಲೆ ಸತ್ತ ಅಜ್ಜಿ ಬೀಡಿ ಕಟ್ಟುತ್ತಲೇ ಇದ್ದಳು. ಬದುಕಿದ್ದ ಅವ್ವ ಒಂದನ್ನೂ ಕಟ್ಟಿರಲಿಲ್ಲ.

ಅಷ್ಟರಲ್ಲಿ ಹಳೆಯ ಮಾಲೀಕರು ಅಳಿಲನ್ನು ಬೇರೆ ಕಂಪನಿಗೆ ಮಾರಿದ್ದರು. ಕಾರ್ಖಾನೆಯನ್ನಲ್ಲ, ಕೆಲಸದವರನ್ನಲ್ಲ, ಆ ಚಿತ್ರ ಮತ್ತು ಹೆಸರನ್ನು ಮಾತ್ರ. ಕಾನೂನು ಇದಕ್ಕೆ ಅವಕಾಶ ಕೊಡುತ್ತದೆ. ನೋಂದಾಯಿತ ಮಾರ್ಕನ್ನು ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತಾ ಹೋದರೆ ಅದಕ್ಕೆ ಸಾವಿಲ್ಲ. ಅಳಿಲು ಹೊಸ ಮನೆಗೆ ಹೋಯಿತು. ಅವ್ವನ ಹಳೆಯ ಕೆಲಸಕ್ಕೆ ಹೊಣೆ ಯಾರು ಎಂದು ಕೇಳಿದರೆ ಇಬ್ಬರೂ ಇನ್ನೊಬ್ಬರ ಕಡೆ ಬೆರಳು ತೋರಿಸಿದರು.

ಆ ದಿನಗಳಲ್ಲಿ ನಾನು ಮಾರ್ಕುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದು ಬಾರದ ಅವ್ವನಿಗೆ ಅವುಗಳ ಬಗೆಗಳೆಲ್ಲ ಮೊದಲೇ ಗೊತ್ತಿದ್ದವು. ಅಂಗಡಿಯಲ್ಲಿ ಸಾಬೂನನ್ನು ಚಿತ್ರದಿಂದ ಕೇಳುತ್ತಿದ್ದಳು, ಚಹಾಪುಡಿಯನ್ನು ಪುಡಿಕೆಯ ಬಣ್ಣದಿಂದ, ಎಣ್ಣೆಯನ್ನು ಬಾಟಲಿಯ ಆಕಾರದಿಂದ. ಬಟ್ಟೆ ಒಗೆಯುವ ಪುಡಿಯ ಹೆಸರು ನೆನಪಾಗದಿದ್ದರೆ ಟಿವಿಯಲ್ಲಿ ಬರುತ್ತಿದ್ದ ರಾಗವನ್ನು ಗುನುಗಿ ತೋರಿಸುತ್ತಿದ್ದಳು. ಚಿತ್ರ, ಬಣ್ಣ, ಆಕಾರ, ನಾದ, ಇವೆಲ್ಲವನ್ನೂ ಕಾನೂನು ಮಾರ್ಕೆಂದು ಒಪ್ಪುತ್ತದೆ. ಅಥಣಿಯ ಚಪ್ಪಲಿಯಂಥ ಸರಕಿಗೆ ನೆಲದ ಹೆಸರೇ ಗುರುತಾಗಿ ಸಿಗುವ ಬೇರೆ ಕಾಯಿದೆಯೂ ಇದೆ. ಮಾಡಿದವರ ಕೈಗೆ ಮಾತ್ರ ಇವುಗಳಲ್ಲಿ ಯಾವ ಕಲಮೂ ಸಿಗಲಿಲ್ಲ.

ಹಿಂದೆ ಹಾಗಿರಲಿಲ್ಲ. ಕುಂಬಾರ ಇಟ್ಟಿಗೆಗೆ ಮುದ್ರೆ ಒತ್ತುತ್ತಿದ್ದ, ನೇಕಾರ ಸೆರಗಿನ ಅಂಚಿನಲ್ಲಿ ತನ್ನ ಎಳೆ ಬಿಡುತ್ತಿದ್ದ. ಯುರೋಪಿನಲ್ಲಿ ರೊಟ್ಟಿ ಸುಡುವವರು ಪ್ರತಿ ರೊಟ್ಟಿಗೂ ಗುರುತು ಹಾಕಬೇಕೆಂಬ ಕಟ್ಟಳೆಯಿತ್ತಂತೆ. ಅದು ಮೆಚ್ಚುಗೆಗಲ್ಲ, ತೂಕ ಕಡಿಮೆ ಬಂದರೆ ಯಾರನ್ನು ದಂಡಿಸಬೇಕೆಂದು ತಿಳಿಯುವುದಕ್ಕೆ. ಅದನ್ನು ಓದಿದಾಗ ನನಗೆ ನಮ್ಮ ಕಾರ್ಖಾನೆಯ ಚೆಕ್ಕರ್ ನೆನಪಾದ.

ಚೆಕ್ಕರ್ ಎಂದರೆ ಕಟ್ಟಿ ತಂದ ಬೀಡಿಯನ್ನು ನೋಡಿ ಕೆಟ್ಟದ್ದನ್ನು ಒಗೆಯುವವನು. ಒಗೆದ ಬೀಡಿಗೆ ಕೂಲಿ ಇಲ್ಲ. ಅದನ್ನು ಮನೆಗೆ ಒಯ್ಯುವಂತೆಯೂ ಇಲ್ಲ. ಅವ್ವ ಎಡಚಿ. ಅವಳು ಸುತ್ತಿದ ಎಲೆ ತಿರುಗಿ ಬರುತ್ತದೆ, ಕಟ್ಟು ಒಂದೇ ಸಮ ಕಾಣುವುದಿಲ್ಲ ಎಂದು ಆತ ದಿನವೂ ಒಗೆಯುತ್ತಿದ್ದ. ಅವಳು ಅಳುತ್ತಾ ಬಲಗೈಯಿಂದ ಸುತ್ತುವುದನ್ನು ಕಲಿತಳು. ಕೊನೆಗೆ ಬೀಡಿಯ ಬಾಯಿ ಮಡಚುವುದು ಮಾತ್ರ ಎಡಗೈಗೇ ಉಳಿಯಿತು. ಅಂಥ ಮಡಿಕೆ ಇಡೀ ಓಣಿಯಲ್ಲಿ ಬೇರೆ ಯಾರದೂ ಇರಲಿಲ್ಲ. ಅದು ತಪ್ಪೆಂದೂ ಆತ ಆಗಾಗ ಒಗೆಯುತ್ತಿದ್ದ.

ಚಿಕ್ಕೋಡಿಯ ಕಚೇರಿಯ ಕಾರ್ಮಿಕ ಅಧಿಕಾರಿ, ಒಬ್ಬ ಹೆಣ್ಣುಮಗಳು, ನನ್ನ ದಪ್ಪ ಕಡತವನ್ನು ಮುಚ್ಚಿ, "ಇಷ್ಟೆಲ್ಲ ಬ್ಯಾಡ್ರಿ. ಇವರು ಬೀಡಿ ಕೊಡತಿದ್ರು ಅಂತ ಹೇಳೋ ಕಾರ್ಖಾನಿ ಮನಶ್ಯಾ ಒಬ್ಬ ಸಾಕು" ಎಂದಿದ್ದರು. ಅಂಥವನು ಚೆಕ್ಕರ್ ಒಬ್ಬನೇ. ನಿವೃತ್ತನಾಗಿ ರಾಯಬಾಗದಲ್ಲಿ ಅಳಿಯನ ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಕೂರುತ್ತಿದ್ದ. ಹಿಂದೊಮ್ಮೆ ನಾನು ಕರಪತ್ರದಲ್ಲಿ ಅವನನ್ನು ಖಂಡಿಸಿದ್ದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುವ ಬಸ್ಸಿನಲ್ಲಿ ಕೂತು, ಯಾವ ಮುಖದಿಂದ ಕೇಳಲಿ ಎಂದು ಯೋಚಿಸುತ್ತಾ ಹೋದೆ.

"ಬರ್ರಿ, ಬರ್ರಿ" ಎಂದ ಚೆಕ್ಕರ್. "ನನಗ ಮಾಲಕರ ಬೆರಳು ಅಂತ ಬರದಾಕಿ ನೀವ ಅಲ್ರಿ? ಮೊಮ್ಮಗಳು ಓದಿ ತೋರಿಸಿದ್ಲು."

"ನಾನ ಬರದಿದ್ದೆರಿ. ಅದೇನ ಸುಳ್ಳಲ್ಲ."

"ಸುಳ್ಳ ಅಂತ ನಾ ಎಲ್ಲಿ ಅಂದೆ? ಆದ್ರ ಆ ಬೆರಳಿಗೂ ಪಗಾರ ಕಮ್ಮಿನ ಇತ್ತವ್ವಾ. ಅದನ್ನ ಬರೀಲಿಲ್ಲ ನೀವು."

ನಾನು ಬರೆದಿರಲಿಲ್ಲ, ನಿಜ. ಅವ್ವನ ವಿಷಯ ಹೇಳಿದೆ. ಅವನ ಮುಖ ಅರಳಿತು.

"ಎಡಚಿ! ಅತ್ತಿ ಕಾರ್ಡಿನ ಮ್ಯಾಲ ಕೊಡತಿದ್ಲು. ನನಗ ಗೊತ್ತಿತ್ತು."

"ಗೊತ್ತಿದ್ದೂ ಯಾಕ ಸುಮ್ಮಿದ್ರಿ?"

"ಮನಿಗೆ ಒಂದ ಕಾರ್ಡ ಅಂತ ಮ್ಯಾಲಿಂದ ಹುಕುಂ ಇತ್ತು. ಹೇಳಿದ್ರ ಆಕಿ ಕೆಲಸ ಹೋಗತಿತ್ತು."

ವಿಚಾರಣೆಯ ದಿನ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಚಿಕ್ಕೋಡಿಯ ಕಚೇರಿಗೆ ಸಾಕ್ಷಿ ಹೇಳಲು ಬಂದ. ಹೊಸ ಕಂಪನಿಯ ಮ್ಯಾನೇಜರ್ ಕೂಡ ಬಂದಿದ್ದ. "ಮೇಡಂ, ನಾವು ತಗೊಂಡಿದ್ದು ಮಾರ್ಕ. ಅದರ ಜೋಡಿ ಹಳೇ ಮಂದಿ ಬಂದಿಲ್ಲ. ಮತ್ತ ಈ ಮುದುಕರಿಗೆ ಯಾರ ಏನ ಹೇಳಿಕೊಟ್ಟಾರೋ" ಎಂದ.

ನಾನು ಕಲಮುಗಳನ್ನು ಹೇಳಲು ಬಾಯಿ ತೆರೆದೆ. ಅವ್ವ ನನ್ನ ಮೊಣಕೈ ಹಿಡಿದಳು. ಚೀಲದಿಂದ ಡಬ್ಬಿ ತೆಗೆದಳು. ಅದರಲ್ಲಿ ನಾಲ್ಕು ಬೀಡಿ. ಮನೆಯಲ್ಲಿ ಉಳಿದಿದ್ದ ಕಾರ್ಖಾನೆಯ ದಾರದಲ್ಲೇ ಬೆಳಿಗ್ಗೆ ಕಟ್ಟಿದ್ದಳು. ನನಗೆ ಹೇಳಿರಲಿಲ್ಲ.

"ಕಣ್ಣ ಕಾಣವಲ್ದು ಅಂತಿದ್ದಿ, ಹೆಂಗ ಕಟ್ಟಿದಿ ಬೇ?" ಎಂದೆ.

"ಕಣ್ಣಿಂದ ಯಾರ ಕಟ್ಟತಾರ? ಮ್ಯಾನೇಜರ್ ಸಾಹೇಬ್ರ ಬೀಡಿ ಜೋಡಿ ಕಲಸಿ ಕೊಡ್ರಿ ಚೆಕ್ಕರ್ ಅಣ್ಣಾರಿಗೆ. ನನ್ನವು ಯಾವು ಅಂತ ಆರಸಲಿ."

ಅಧಿಕಾರಿ ಚೆಕ್ಕರನನ್ನು ಹೊರಗೆ ಕಳಿಸಿ, ಆ ನಾಲ್ಕರ ದಾರದ ಕೆಳಗೆ ಕಾಣದಂತೆ ಪೆನ್ನಿನ ಚುಕ್ಕೆ ಇಟ್ಟರು. ಮ್ಯಾನೇಜರ್ ತನ್ನ ಜೇಬಿನ ಹೊಸ ಕಟ್ಟನ್ನು ಒಡೆದ. ಚೀಟಿಯ ಬಹುಭಾಗವನ್ನು ಈಗ ಕ್ಯಾನ್ಸರಿನ ಎಚ್ಚರಿಕೆಯ ಚಿತ್ರ ನುಂಗಿದೆ, ಅದು ಇರಬೇಕಾದದ್ದೇ. ಮೂಲೆಯಲ್ಲಿ ಅಳಿಲು ಕೂತಿತ್ತು. ಎಲ್ಲ ಬೀಡಿಗಳನ್ನೂ ಕಲಸಿದ ಮೇಲೆ ಚೆಕ್ಕರನನ್ನು ಒಳಗೆ ಕರೆದರು.

ಅವನು ಬೀಡಿಗಳನ್ನು ಅಂಗೈಯಲ್ಲಿ ಹರವಿಕೊಂಡು ಹೆಬ್ಬೆರಳನ್ನು ಬಾಯಿಗಳ ಮೇಲೆ ಎಳೆದ. ಒಂದನ್ನು ಎತ್ತಿ ನೆಲಕ್ಕೆ ಒಗೆದ, ಹಿಂದೆ ಒಗೆಯುತ್ತಿದ್ದ ಹಾಗೆಯೇ. ಇನ್ನೊಂದನ್ನು ಒಗೆದ. ಕ್ಷಣದಲ್ಲಿ ಐದು ಬೀಡಿ ನೆಲದ ಮೇಲಿದ್ದವು.

"ನಾಕು ಎಡಚೀವು" ಎಂದ.

"ಐದ ಒಗದೀರಲ್ರಿ?" ಎಂದರು ಅಧಿಕಾರಿ.

"ಅದೊಂದು ಕಂಪನೀದ. ಬಾಯಿ ಬಿಚ್ಚೇತಿ. ನಮ್ಮ ಕಾಲದಾಗ ಇಂಥಾದ್ದು ದಾಟತಿದ್ದಿಲ್ಲ."

"ನೋಡ್ರಿ ಯವ್ವಾ" ಎಂದಳು ಅವ್ವ ಅಧಿಕಾರಿಗೆ, "ಅದೂ ನಂದ ಅಂತ ಬರಕೊಂಡೀರಿ ಮತ್ತ!"

ಗುಮಾಸ್ತ ನಕ್ಕ. ಮ್ಯಾನೇಜರ್ ನಗಲಿಲ್ಲ. ಅಧಿಕಾರಿ ಬೀಡಿಗಳನ್ನೆತ್ತಿ ಮೇಜಿನ ಮೇಲಿಟ್ಟು ದಾರ ಸರಿಸಿ ನೋಡಿದರು. ನಾಲ್ಕರಲ್ಲಿ ಚುಕ್ಕೆ ಇತ್ತು, ಐದನೆಯದರಲ್ಲಿ ಇರಲಿಲ್ಲ. ಕಾರ್ಡಿಗೆ ಶಿಫಾರಸು ಬರೆಯಲು ಗುಮಾಸ್ತನಿಗೆ ಹೇಳಿದರು.

ಗೆದ್ದಂತೆ ನನಗೆ ಅನಿಸಲಿಲ್ಲ. ಒಂದು ಹೆಣ್ಣು ಜೀವಮಾನವಿಡೀ ದುಡಿದದ್ದಕ್ಕೆ ಸಾಕ್ಷಿ, ಅವಳ ತಪ್ಪೆಂದು ಒಗೆದ ಮಡಿಕೆಯೊಂದೇ ಆಗಿತ್ತು. ಸಿಟ್ಟಾಗಬೇಕಿತ್ತು, ನಿದ್ದೆ ಬರುವಷ್ಟು ಸುಸ್ತಾಗಿತ್ತು.

ಏಳುವ ಮುನ್ನ ಅವ್ವ ಮೇಜಿನ ಮೇಲೆ ಕೈಯಾಡಿಸಿದಳು. ಒಂದೊಂದನ್ನೇ ಬೆರಳಿನಿಂದ ಮುಟ್ಟಿ ನೋಡಿ ತನ್ನ ನಾಲ್ಕನ್ನು ಆರಿಸಿ ಡಬ್ಬಿಗೆ ಹಾಕಿದಳು. ಹಳೆಯ ಅಭ್ಯಾಸಕ್ಕೆ ಚೆಕ್ಕರನ ಕೈ ಅಡ್ಡ ಹೋಯಿತು, ಅರ್ಧದಲ್ಲೇ ನಿಂತಿತು.

"ಒಯ್ಯವ್ವಾ" ಎಂದ ಅವನು. "ನಿನ್ನವು."

ಅವ್ವ ಡಬ್ಬಿಯ ಮುಚ್ಚಳ ಒತ್ತಿದಳು. ಐದನೆಯದನ್ನು ಮ್ಯಾನೇಜರನ ಕಡೆ ಸರಿಸಿದಳು.