ಅಕ್ಕನ ಅಂಗಳದ ನಾಯಿ

ನನ್ನ ಅಕ್ಕ ನರಸೀಪುರದ ಕಡೆಯ ಒಂದು ಹಳ್ಳಿಯಲ್ಲಿ, ಊರಾಚೆಯ ಗದ್ದೆ ಮಗ್ಗುಲಿನ ಮನೆಯಲ್ಲಿ ಒಬ್ಬಳೇ ಇದ್ದಾಳೆ. ನಾನು ನಂಜನಗೂಡಿನಲ್ಲಿ ಬಟ್ಟೆ ಹೊಲಿಯುತ್ತೇನೆ. ಭಾವ ತೀರಿಕೊಂಡ ಮೇಲೆ ಅವರ ತಮ್ಮಂದಿರು ಗದ್ದೆ ಬಿಟ್ಟುಕೊಡು ಎಂದು ಆಗಾಗ ಅಂಗಳಕ್ಕೆ ಬಂದು ಕೂಗಾಡುತ್ತಿದ್ದರು. ಅಕ್ಕ ಎಲ್ಲಿಂದಲೋ ಒಂದು ನಾಯಿಮರಿ ತಂದು ಸಾಕಿದಳು. ಅದು ಬೆಳೆದ ಮೇಲೆ ಅವರು ಗೇಟು ದಾಟುವುದನ್ನು ಬಿಟ್ಟರು. ಹಾಗಾಗಿ ಆ ನಾಯಿಯ ಮೇಲೆ ಯಾರು ದೂರು ಹೇಳಿದರೂ ಅಕ್ಕನಿಗೆ ಅದು ಮೈದುನರ ಪರವಾದ ಮಾತಾಗಿಯೇ ಕೇಳುತ್ತಿತ್ತು.

ಮೊದಲೆಲ್ಲ ಬೊಗಳಿ ಅಟ್ಟುತ್ತಿದ್ದ ನಾಯಿ ಈ ಬೇಸಿಗೆಯಲ್ಲಿ ಕಚ್ಚಲು ಶುರು ಮಾಡಿತು. ಹುಲ್ಲು ತರುತ್ತಿದ್ದ ಹೆಂಗಸಿನ ಸೀರೆಯನ್ನು ಹರಿದುಹಾಕಿತು. ಪಕ್ಕದ ಗದ್ದೆಯವರ ಮೀನಖಂಡಕ್ಕೆ ಬಾಯಿ ಹಾಕಿತು. ಊರಿನವರು ವಿಷ ಇಡುವ ಮಾತಾಡಿದರು. ಡಾಕ್ಟರಿಗೆ ತೋರಿಸು, ಸೂಜಿ ಹಾಕಿಸು ಎಂದು ನಾನು ಫೋನಿನಲ್ಲಿ ಹೇಳಿದರೆ, ತಮ್ಮ ಪಾಡಿಗೆ ಹೋಗುವವರನ್ನು ಅದು ಏನೂ ಮಾಡುವುದಿಲ್ಲ ಎಂದು ಅಕ್ಕ ಫೋನು ಇಟ್ಟುಬಿಡುತ್ತಿದ್ದಳು.

ಒಂದು ಬೆಳಿಗ್ಗೆ ಆ ಊರಿನ ಡೈರಿಯಲ್ಲಿ ಹಾಲು ಅಳೆಯುವ ಹೆಂಗಸು ನನಗೆ ಫೋನು ಮಾಡಿದಳು. ನಿಮ್ಮಕ್ಕನ ಕೈ ಊದಿಕೊಂಡಿದೆ, ಬಟ್ಟೆ ಸುತ್ತಿಕೊಂಡು ಬಂದಿದ್ದಳು, ಕೇಳಿದರೆ ಬಾಯಿ ಬಿಡುತ್ತಿಲ್ಲ ಎಂದಳು. ಹೊಲಿಯುತ್ತಿದ್ದುದನ್ನು ಮಿಷನ್ನಿನ ಮೇಲೆಯೇ ಬಿಟ್ಟು ಬಸ್ಸು ಹತ್ತಿದೆ. ಹುಚ್ಚು ಹತ್ತಿದ ನಾಯಿ ಕಚ್ಚಿ ಸತ್ತವರ ಬಗ್ಗೆ ಕೇಳಿದ್ದೆಲ್ಲ ದಾರಿಯುದ್ದಕ್ಕೂ ನೆನಪಾಗುತ್ತಿತ್ತು. ಅವರು ನೀರು ಕಂಡರೆ ಒದ್ದಾಡುತ್ತಾರಂತೆ.

ನಾನು ಹೋದಾಗ ನಾಯಿ ಅಂಗಳದಲ್ಲಿ ಬಿಟ್ಟೇ ಇತ್ತು. ಗೇಟಿನ ಮೇಲೆ ಕೈ ಇಟ್ಟ ಕೂಡಲೇ ಹಲ್ಲು ಕಿರಿದು ಹಾರಿತು. ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಬಲಗೈ ಸೆರಗಿನೊಳಗಿತ್ತು. ಜ್ವರ ಬಂದವಳಂತೆ ಮುಖ ಕೆಂಪಾಗಿತ್ತು.

"ನಾಯಲ್ಲ ಕಣವ್ವ, ಮೇವಾಕುವಾಗ ಅಸಿನ ಕೊಂಬು ತಾಕ್ತು," ಎಂದಳು, ನಾನು ಕೇಳುವ ಮೊದಲೇ.

ಆಸ್ಪತ್ರೆಗೆ ಹೋಗೋಣ ಬಾ ಎಂದೆ. ಬರುವುದಿಲ್ಲ ಎಂದಳು. ಸೋಪು ಹಚ್ಚಿ ನಲ್ಲಿ ಕೆಳಗೆ ತೊಳೆದುಕೋ ಎಂದೆ, ಅರಿಸಿನ ಹಾಕಿದ್ದೇನೆ ಎಂದಳು. ಒಳಗೆ ಹೋಗಿ ಅವಳನ್ನು ಎಳೆದು ತರೋಣವೆಂದರೆ ನಡುವೆ ನಾಯಿ. ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರನ್ನು ಕರೆದೆ. ನಾಯಿಯನ್ನು ಕಂಡು, ಅವಳ ಸಹವಾಸ ಬೇಡವೆಂದು ಹೊರಟುಹೋದರು. ನಾನು ಗೇಟಿನ ಹೊರಗೆ ಬಿಸಿಲಲ್ಲೇ ಕುಳಿತೆ. ಬೈದೆ, ಬೇಡಿಕೊಂಡೆ, ಅವ್ವನ ಮೇಲೆ ಆಣೆ ಹಾಕಿದೆ. ಆಕೆ ಅಲ್ಲಾಡಲಿಲ್ಲ. ಕೊನೆಗೆ ಮಾತು ಮುಗಿದು ನಾನು ಅಳತೊಡಗಿದಾಗ ಅಕ್ಕ ಮೆಟ್ಟಿಲ ಮೇಲೆ ಕುಸಿದು ಕೂತಳು.

"ನಾಯಿ ಕಚ್ತು ಅಂತ ಆಸ್ಪತ್ರೇಲಿ ಬರ್ಕೊಂಡ್ರೆ ಇದ್ನ ಒಡ್ದಾಕ್ತಾರೆ ಕಣೆ," ಎಂದಳು. "ಇದೋದ್ರೆ ನಾಳೀಕೇ ಅವ್ರು ಬತ್ತಾರೆ. ನಾನೊಬ್ಳೇ ಏನ್ ಮಾಡ್ಲಿ?"

ಅಷ್ಟು ದಿನ ಹಟ ಎಂದುಕೊಂಡಿದ್ದದ್ದು ಹೆದರಿಕೆ ಎಂದು ಆಗ ಗೊತ್ತಾಯಿತು. ನಾಯಿಯನ್ನು ಯಾರಿಗೂ ಮುಟ್ಟಲು ಬಿಡುವುದಿಲ್ಲ, ಗದ್ದೆಯ ವಿಷಯಕ್ಕೆ ನಾನೇ ಮುಂದೆ ನಿಲ್ಲುತ್ತೇನೆ ಎಂದು ಮಾತು ಕೊಟ್ಟೆ. ಆ ಮಾತನ್ನು ಹೇಗೆ ಉಳಿಸಿಕೊಳ್ಳುತ್ತೇನೋ ನನಗೇ ಗೊತ್ತಿರಲಿಲ್ಲ. ಅಕ್ಕ ಎಡಗೈಯಲ್ಲಿ ಮುದ್ದೆ ಹಿಡಿದು ನಾಯಿಯನ್ನು ಹುಲ್ಲಿನ ಕೊಟ್ಟಿಗೆಗೆ ಕರೆದೊಯ್ದು ಬಾಗಿಲು ಹಾಕಿದಳು.

ನರಸೀಪುರದ ಆಸ್ಪತ್ರೆಯಲ್ಲಿ ಗಾಯ ತೊಳೆದು, ಗಾಯದ ಸುತ್ತ ಸೂಜಿ ಹಾಕುವಾಗ ಅಕ್ಕ ನನ್ನ ತೋಳನ್ನು ಬಿಗಿಯಾಗಿ ಹಿಡಿದಿದ್ದಳು. ಹೇಗೆ ಕಚ್ಚಿತು ಎಂದು ಡಾಕ್ಟರು ಕೇಳಿದರು. ಚೈನು ಹಾಕಲು ಕುತ್ತಿಗೆಗೆ ಕೈ ಇಟ್ಟೆ ಎಂದಳು. ನಾಯಿಯನ್ನು ಕೊಲ್ಲಬೇಡಿ, ಕೂಡಿಹಾಕಿ ನೋಡುತ್ತಿರಿ, ಸತ್ತರೆ ಕೂಡಲೇ ಬಂದು ಹೇಳಿ ಎಂದರು ಅವರು. ಕೊಲ್ಲಬೇಡಿ ಎಂಬ ಮಾತನ್ನು ಅಕ್ಕ ಅವರ ಬಾಯಿಂದ ಮತ್ತೊಮ್ಮೆ ಹೇಳಿಸಿದಳು.

ಮಾರನೆಯ ದಿನ, ನಾಯಿಯ ಕುತ್ತಿಗೆಗೆ ಏನಾಗಿದೆ ನೋಡಲು ನಾನು ಕರೆಸಿದ ದನದ ಡಾಕ್ಟರು ಬಂದರು. ಅವರು ಕೊಟ್ಟ ಮಾತ್ರೆಯನ್ನು ಅಕ್ಕ ಮುದ್ದೆಯೊಳಗಿಟ್ಟು ತಿನ್ನಿಸಿದಳು. ನಾಯಿ ಮಂಪರಿನಲ್ಲಿ ಮಲಗಿದ ಮೇಲೆ ಅವರು ಸೂಜಿ ಚುಚ್ಚಿ, ಪೂರ್ತಿ ನಿದ್ದೆ ಬಂದಿತೆಂದು ಖಾತ್ರಿಯಾಗುವವರೆಗೂ ಕಾದರು. ಆಮೇಲೆ ಕುತ್ತಿಗೆಯ ಕೂದಲು ಸರಿಸಿದರು. ಕೊಳೆತ ವಾಸನೆ ಕೊಟ್ಟಿಗೆಯ ತುಂಬ ಹರಡಿತು. ಮರಿಯಾಗಿದ್ದಾಗ ಕಟ್ಟಿದ್ದ ನೈಲಾನ್ ಹಗ್ಗವೊಂದು ಕುತ್ತಿಗೆಯ ಮಾಂಸದೊಳಕ್ಕೆ ಇಳಿದುಹೋಗಿತ್ತು. ನಾಯಿ ಬೆಳೆದಿತ್ತು, ಹಗ್ಗ ಬೆಳೆದಿರಲಿಲ್ಲ. ಮೇಲೆ ಉದ್ದ ಕೂದಲು ಮುಚ್ಚಿಕೊಂಡು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಡಾಕ್ಟರು ಹಗ್ಗವನ್ನು ತುಂಡು ತುಂಡಾಗಿ ಕತ್ತರಿಸಿ ತೆಗೆಯುತ್ತಿದ್ದರೆ ಅಕ್ಕ ಗೋಡೆಗೆ ಒರಗಿ ನಿಂತು ನೋಡುತ್ತಿದ್ದಳು. "ನಾನೇ ಕಟ್ಟಿದ್ದು," ಎಂದಳು. ನಾನು ಹೋಗಿ ಅವಳ ಪಕ್ಕ ನಿಂತೆ.

ನಾಯಿ ಸಾಯಲಿಲ್ಲ, ಹುಚ್ಚೂ ಹಿಡಿಯಲಿಲ್ಲ. ಆದರೆ ಡಾಕ್ಟರು ಕೂಡಿಹಾಕಿ ನೋಡಿ ಎಂದಿದ್ದ ದಿನಗಳನ್ನು ನಾವು ಹೇಗೆ ಕಳೆದೆವೋ ನಮಗೇ ಗೊತ್ತು. ಬೆಳಿಗ್ಗೆ ಎದ್ದ ಕೂಡಲೇ ಅಕ್ಕ ಕೊಟ್ಟಿಗೆಯ ಕಿಂಡಿಯಲ್ಲಿ ನೀರಿನ ಬಟ್ಟಲು ಒಳಗೆ ತಳ್ಳಿ, ಅದು ಕುಡಿಯುವುದನ್ನು ನೋಡಿ ನನಗೆ ಫೋನು ಮಾಡುತ್ತಿದ್ದಳು. ಒಂದು ಬೆಳಿಗ್ಗೆ ಅದು ಬಟ್ಟಲಿನ ಕಡೆ ತಿರುಗಿಯೂ ನೋಡಲಿಲ್ಲ. ಸಂಜೆ ಅದು ಕುಡಿಯುವವರೆಗೆ ಅಕ್ಕ ಗಳಿಗೆಗೊಮ್ಮೆ ಫೋನು ಮಾಡಿದಳು.

ನೋವು ಹೋದರೂ ಕಚ್ಚುವ ಅಭ್ಯಾಸ ಪೂರ್ತಿ ಹೋಗಲಿಲ್ಲ. ಬಾಯಿಗೆ ಕುಕ್ಕೆ ಹಾಕು ಎಂದರೆ ಅಕ್ಕ ಈಗಲೂ ಮುಖ ತಿರುಗಿಸುತ್ತಾಳೆ. ಜಗಳವಾಡಿ ಜಗಳವಾಡಿ, ಮನೆಯ ಪಕ್ಕದಲ್ಲಿ ಎತ್ತರದ ತಂತಿ ಬಲೆ ಹಾಕಿಸಲು ಒಪ್ಪಿಸಿದೆ. ಹಗಲೆಲ್ಲ ನಾಯಿ ಅದರೊಳಗಿರುತ್ತದೆ. ಸೀರೆ ಹರಿಸಿಕೊಂಡ ಹೆಂಗಸು ಮತ್ತೆ ಹುಲ್ಲು ತರುತ್ತಿದ್ದಾಳೆ, ಗೇಟಿನ ಹೊರಗೇ ಇಳಿಸಿ ಹೋಗುತ್ತಾಳೆ. ಮೈದುನರು ಮತ್ತೊಮ್ಮೆ ಬಂದರು. ಈ ಸಲ ಅಕ್ಕ ನಾಯಿಯನ್ನು ಬಿಡಲು ಬಲೆಯ ಬಾಗಿಲ ಹತ್ತಿರ ಹೋಗದೆ ನನಗೆ ಫೋನು ಮಾಡಿದಳು. ಮುಂದಿನ ಬಸ್ಸಿಗೇ ನಾನು ಹೊರಟೆ.